ಗುಳ್ಳೆ ಉಳೀತಾ?

ನದಿಗೆ ಇಳಿದಾಗ ಹನ್ನೊಂದು ಗಂಟೆ. ಮೋಡ ಮುಚ್ಚಿಕೊಂಡು ಸಣ್ಣಗೆ ಹನಿಯುತ್ತಿತ್ತು. ಟ್ರೌಟ್ ಮೀನು ಹಿಡಿಯೋಕೆ ಇಂಥ ದಿನವೇ ವಾಸಿ. ಥಂಡಿಯಲ್ಲಿ, ಟ್ರೌಟ್ ತಿನ್ನುವ ಮೇಫ್ಲೈ ಅನ್ನೋ ಪುಟ್ಟ ಹುಳಗಳು ನೀರಿನಿಂದ ಮೇಲೇಳೋದು ನಿಧಾನ, ತೇಲೋದು ಜಾಸ್ತಿ ಹೊತ್ತು.

ಮೊದಲ ಎರಡು ಗಂಟೆ ಏನೂ ನಡೆಯಲಿಲ್ಲ. ನಿಂತು ನಿಂತು ಬೇಜಾರಾಗಿ ಕಾಲಬುಡದ ಕಲ್ಲೊಂದನ್ನು ಎತ್ತಿ ತಿರುಗಿಸಿದೆ. ಮರಳಿನ ಕಾಳು ಅಂಟಿಸಿ ಕೊಳವೆ ಕಟ್ಟಿಕೊಂಡು ಒಳಗೆ ಕೂತಿದ್ದ ಕ್ಯಾಡಿಸ್ ಹುಳ, ಎರಡು ಬಾಲದ ಸ್ಟೋನ್‌ಫ್ಲೈ ಮರಿ, ಜತೆಗೆ ಸರ್ರನೆ ಓಡುವ ಮೇಫ್ಲೈ ಮರಿಗಳು. ಈ ಮರಿಗಳಿಗೆ ನಿಂಫ್ ಅಂತಾರೆ. ಕೆಲವಕ್ಕೆ ಬೆನ್ನ ಮೇಲಿನ ರೆಕ್ಕೆಚೀಲ ಕಪ್ಪಾಗಿತ್ತು. ಅಂದರೆ ಹೊರಬರೋ ಹೊತ್ತು ಹತ್ತಿರ. ನೋಡಿದೆ, ಕಲ್ಲನ್ನು ಇದ್ದಲ್ಲೇ ಇಟ್ಟೆ, ಮರೆತೇಬಿಟ್ಟೆ.

ಒಂದು ಗಂಟೆ ದಾಟುತ್ತಲೇ ಹ್ಯಾಚ್ ಶುರುವಾಯಿತು, ಅಂದರೆ ಮರಿಗಳು ಪೊರೆ ಕಳಚಿ ರೆಕ್ಕೆಯೊಂದಿಗೆ ಒಟ್ಟೊಟ್ಟಿಗೆ ಮೇಲೇಳೋದು. ಬೂದು ರೆಕ್ಕೆಯನ್ನು ಬೆನ್ನ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡ ಪುಟ್ಟ ಮೇಫ್ಲೈಗಳು ಸೆಳವಿನಲ್ಲಿ ಒಂದರ ಹಿಂದೆ ಒಂದು ಬಂದವು. ಅಲ್ಲಿವರೆಗೆ ಸತ್ತಂತಿದ್ದ ಮಡುವಿನ ತುಂಬಾ ಮೀನು! ಕೈ ನಡುಗುತ್ತಿತ್ತು. 18ನೇ ನಂಬರಿನ ಕೊಕ್ಕೆಗೆ ಕಟ್ಟಿದ ಬೂದು ಬಣ್ಣದ ಡ್ರೈ ಫ್ಲೈ, ಅಂದರೆ ನೀರಿನ ಮೇಲೆ ತೇಲುವ ಪುಕ್ಕದ ನಕಲಿ ಹುಳ, ಹಾಕಿದೆ. (ಈ ನಂಬರು ಉಲ್ಟಾ. ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಶುರುವಿನಲ್ಲಿ ನಾನೂ ಮೋಸ ಹೋಗಿದ್ದೆ.)

ಒಂದು ಮೀನೂ ತಿರುಗಿ ನೋಡಲಿಲ್ಲ. ನನ್ನ ಫ್ಲೈಗೆ ಗೇಣು ದೂರದಲ್ಲೇ ಎದ್ದು ಮುಳುಗುತ್ತಿದ್ದವು, ಅದೂ ಬೇಕೆಂದೇ ಅಣಕಿಸಿದ ಹಾಗೆ. ದಾರ ಎಳೆಯುತ್ತಿದೆಯಾ ನೋಡಿದೆ. ನಡುವಿನ ಸೆಳವು ದಾರವನ್ನು ಬಿಲ್ಲಿನಂತೆ ಬಗ್ಗಿಸಿದರೆ ಫ್ಲೈ ನೀರಿನ ಮೇಲೆ ಗೀರಿಕೊಂಡು ಹೋಗುತ್ತೆ, ನಿಜವಾದ ಹುಳ ಹಾಗೆ ಓಡಲ್ಲ. ದಾರವನ್ನು ಸೆಳವಿನ ಮೇಲ್ದಿಕ್ಕಿಗೆ ಎತ್ತಿ ಹಾಕಿ ಸರಿಮಾಡಿದೆ. ಊಹೂಂ. ಫ್ಲೈ ಬದಲಿಸಿದೆ, ಮತ್ತೆ ಬದಲಿಸಿದೆ. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು.

ದಡದ ಮೇಲೆ ಕೂತಿದ್ದ ಗೆಳೆಯ ಕೂಗಿದ: "ಲೋ, ಮೀನು ಎದ್ದ ಜಾಗದಲ್ಲಿ ಗುಳ್ಳೆ ಉಳೀತಾ ನೋಡೋ!"

ಎಸೆಯೋದು ಬಿಟ್ಟು ನೋಡಿದೆ. ಉಳಿಯುತ್ತಿರಲಿಲ್ಲ. ಮೂತಿಯೂ ಹೊರಗೆ ಬರುತ್ತಿರಲಿಲ್ಲ. ಬರೀ ಬೆನ್ನು, ಅದರ ಹಿಂದೆ ಬಾಲದ ತುದಿ. ಮೇಲೆ ತೇಲುವ ಹುಳವನ್ನು ನುಂಗುವ ಮೀನು ಜತೆಗೆ ಒಂದಿಷ್ಟು ಗಾಳಿಯನ್ನೂ ನುಂಗುತ್ತೆ, ಅದು ಕಿವಿರಿನಿಂದ ಗುಳ್ಳೆಯಾಗಿ ಬರುತ್ತೆ. ಇಲ್ಲಿ ಗುಳ್ಳೆ ಇಲ್ಲ ಅಂದರೆ ಬಾಯಿ ತೆರೆದದ್ದು ನೀರಿನೊಳಗೇ. ಇನ್ನೂ ಗಮನಿಸಿದರೆ, ರೆಕ್ಕೆ ಬಿಚ್ಚಿದ ಹುಳಗಳು ಮೀನಿನ ತಲೆ ಮೇಲೇ ಆರಾಮಾಗಿ ತೇಲಿ ಹೋಗುತ್ತಿವೆ! ಟ್ರೌಟ್ ತಿನ್ನುತ್ತಿದ್ದದ್ದು ಅರ್ಧ ಪೊರೆ ಕಳಚಿ, ನೀರಿನ ಮೇಲ್ಪದರದ ಕೆಳಗೆ ಸಿಕ್ಕಿಹಾಕಿಕೊಂಡಿದ್ದವನ್ನು. ಅವು ಹಾರಲಾರವು, ವಾಪಸ್ ಮುಳುಗಲೂ ಆಗದು. ಆ ಕಪ್ಪು ರೆಕ್ಕೆಚೀಲದ ಮರಿಗಳೇ ಅವು. ಎರಡು ಗಂಟೆ ಮುಂಚೆ ನನ್ನ ಅಂಗೈಯಲ್ಲಿದ್ದವು, ಅಲ್ವಾ?

ಹಾಗೆ ಕಟ್ಟಿದ ಫ್ಲೈ ಡಬ್ಬಿಯಲ್ಲಿರಲಿಲ್ಲ. ಇದ್ದ ಡ್ರೈ ಫ್ಲೈಯ ಕೆಳಭಾಗದ ಪುಕ್ಕವನ್ನು ಉಗುರು ಕತ್ತರಿಸುವ ಕಟರ್‌ನಲ್ಲೇ ಸವರಿ, ಎಂಜಲು ಹಚ್ಚಿ ಒದ್ದೆ ಮಾಡಿದೆ. ಎಸೆದರೆ ಅರ್ಧ ಮುಳುಗಿ ನಿಂತಿತು. ಮೂರನೇ ಸಲಕ್ಕೆ ಬೆನ್ನೊಂದು ಎದ್ದಿತು, ದಾರ ಬಿಗಿಯಿತು. ಗೇಣಿಗಿಂತ ಸ್ವಲ್ಪ ಉದ್ದ, ಪಕ್ಕೆಯಲ್ಲಿ ಕೆಂಪು ಚುಕ್ಕೆ. ಕೈ ಒದ್ದೆ ಮಾಡಿಕೊಂಡೇ ಹಿಡಿದೆ, ಒಣಗೈ ಅದರ ಮೈಮೇಲಿನ ಲೋಳೆ ಕಿತ್ತುಹಾಕುತ್ತೆ. ಮುಳ್ಳಿಲ್ಲದ ಕೊಕ್ಕೆ, ಸುಲಭವಾಗಿ ಕಳಚಿ ಬಂತು. ಬಿಟ್ಟೆ. ಆಮೇಲೆ ಇನ್ನೊಂದು ಸಿಕ್ಕಿತು, ಮತ್ತೊಂದು ನನ್ನ ಕೆಟ್ಟ ಗಂಟಿನಿಂದಾಗಿ ಫ್ಲೈ ಸಮೇತ ಹೋಯಿತು.

ಮೂರು ಗಂಟೆಗೆಲ್ಲ ನದಿ ಮತ್ತೆ ಖಾಲಿ.

ಸಂಜೆ ದಡದ ಎಲೆಗಳ ಮೇಲೆ ತೆಳ್ಳನೆಯ ಪೊರೆಗಳು ಅಂಟಿಕೊಂಡಿದ್ದವು. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಮೇಫ್ಲೈ ಒಂದೇ. ಆ ಕೊನೆಯ ರೂಪದಲ್ಲಿ ಅದು ಏನೂ ತಿನ್ನಲ್ಲ. ಜೋಡಿಯಾಗಿ, ಮೊಟ್ಟೆಯಿಟ್ಟು, ರೆಕ್ಕೆ ಚಾಚಿ ನೀರಿಗೆ ಬೀಳುತ್ತೆ. ನಾವು ಹೊರಡುವ ಹೊತ್ತಿಗೆ ಅವು ಬೀಳತೊಡಗಿದ್ದವು. ಸದ್ದಿಲ್ಲದೆ ಹೀರುತ್ತಿದ್ದ ಮೂತಿಗಳ ಹಿಂದೆ ಈ ಸಲ ಗುಳ್ಳೆಗಳು ಉಳಿಯುತ್ತಿದ್ದವು. ಆದರೆ ಆ ಮಬ್ಬಿನಲ್ಲಿ, 18ನೇ ನಂಬರಿನ ಕೊಕ್ಕೆಯ ಕಣ್ಣಿಗೆ ದಾರ ಪೋಣಿಸೋಕೆ ನನ್ನಿಂದ ಆಗಲೇ ಇಲ್ಲ.