ಕಾಗಿನೆಲೆಯ ಕಟ್ಟೆ

ಬ್ಯಾಡಗಿ ಮಾರುಕಟ್ಟೆಗೆ ಹೋಗುವವರು ಒದ್ದೆ ಕರವಸ್ತ್ರವೊಂದನ್ನು ಜೊತೆಗಿಟ್ಟುಕೊಳ್ಳಿ. ಇಲ್ಲಿನ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಹೆಚ್ಚು ಅನ್ನುವುದು ನಿಜ. ಆದರೆ ಚೀಲಗಟ್ಟಲೆ ಕಾಯಿ ಸುರಿಯುವಾಗ ಏಳುವ ಘಾಟಿಗೆ ಕೆಮ್ಮಿ ಕೆಮ್ಮಿ ನನಗೆ ಕಣ್ಣೇ ಬಿಡಲಾಗಲಿಲ್ಲ. ಕರೆದುಕೊಂಡು ಹೋದ ಆಟೋದವರು ಮೊದಲೇ ಒಂದು ಮಾತು ಹೇಳಬಹುದಿತ್ತು. ಡಬ್ಬಿ, ಕಡ್ಡಿ ಎಂದು ಬೇರೆ ಬೇರೆ ರಾಶಿಗಳು. ಟೆಂಡರಿನಲ್ಲಿ ಈ ರಾಶಿಗೊಂದು ಬೆಲೆ, ಪಕ್ಕದ್ದಕ್ಕೆ ಇನ್ನೊಂದು.

ಅಲ್ಲಿಂದ ಬಸ್ಸಿನಲ್ಲಿ ಕಾಗಿನೆಲೆ. ಉದ್ಯಾನ, ಹೊಸ ಕಟ್ಟಡಗಳು ಅಚ್ಚುಕಟ್ಟಾಗಿವೆ, ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆದಿಕೇಶವನ ಗುಡಿಯ ಕಟ್ಟೆ. ಬಾಗಿಲು ಹಾಕಿತ್ತು. ಅದು ತೆರೆಯುವುದನ್ನೇ ಕಾಯುತ್ತ ಒಬ್ಬ ಅಜ್ಜಿ ಕೂತಿದ್ದರು, ಮಡಿಲಲ್ಲಿ ಎರಡು ತೆಂಗಿನಕಾಯಿ.

"ಎರಡು ಯಾಕಜ್ಜಿ?"

"ಒಂದು ನಮ್ಮ ನೆಗೆಣ್ಣೀದು."

ಇಬ್ಬರ ಹೊಲವೂ ಒಂದೇ ಬದುವಿನ ಆಚೀಚೆ. "ಅಕೀ ಬೋರಿಗೆ ನೀರ ಬಿತ್ತು. ನಮಗ ಬರೇ ಧೂಳ. ಅಕೀ ಮೆಣಸಿನಕಾಯಿಗೆ ವರ್ಷಾ ರೇಟ ಜಾಸ್ತಿ. ಅಕೀ ಮನ್ಯಾಗ ಒಗ್ಗರಣಿ ಹಾಕಿದ್ರೂ ನನ್ನ ಹೊಟ್ಟಿ ಉರೀತಿತ್ತವಾ."

"ಆಮೇಲೆ?"

"ಇಲ್ಲಿಗೆ ಬಂದು ಕೇಶವನ ಜೋಡಿ ಜಗಳಾ ಮಾಡಿದೆ, ಅಕೀಗೆ ಕೊಟ್ಟಿದ್ದು ನನಗ್ಯಾಕ ಕೊಡ್ಲಿಲ್ಲಂತ. ಅತ್ತು ಅತ್ತು ಸಾಕಾದಾಗ ಹೊಳೀತು, ಅಕೀಗೆ ನೀರ ಕೊಟ್ಟಾವನೂ ಇವನ, ಬರಗಾಲದಾಗ ನನ್ನ ಮಕ್ಕಳ್ನ ಉಳಿಸಿದಾವನೂ ಇವನ. ಅವತ್ತಿಂದ ಮೊದಲ ಅಕೀ ಹೆಸರ್ಲೆ ಕಾಯಿ ಒಡಸ್ತೀನಿ, ಆಮ್ಯಾಲ ನಂದು. ಮೊದಮೊದಲ ಅಕೀ ಹೆಸರು ನಾಲಿಗಿ ಮ್ಯಾಲ ಬರ್ತಿದ್ದಿಲ್ಲ."

ಬಾಡ ಗ್ರಾಮದ ನಾಯಕ ತಿಮ್ಮಪ್ಪನಿಗೆ ಕೊಪ್ಪರಿಗೆ ಹೊನ್ನು ಸಿಕ್ಕಿ ಕನಕನೆಂದು ಹೆಸರಾಯಿತೆಂದು ಇಲ್ಲಿಯವರು ಹೇಳುತ್ತಾರೆ. ಅಧಿಕಾರ, ಹೊನ್ನು ಎಲ್ಲ ಇದ್ದ ಆ ಕನಕದಾಸರು ಅವನ್ನು ಬಿಟ್ಟು ಬಂದು ನಿಂತದ್ದೂ ಇದೇ ಕೇಶವನ ಮುಂದೆ. ಆದರೆ ಇಲ್ಲದವರು ಬಿಡಬೇಕಾದ್ದು ಇನ್ನೂ ಕಷ್ಟದ್ದು ಎಂದು ಅಜ್ಜಿಯ ಪಕ್ಕ ಕೂತಾಗ ನನಗನ್ನಿಸಿತು.

"ಈಗ ಹೊಟ್ಟೆಕಿಚ್ಚು ಪೂರ್ತಿ ಹೋಗಿದೆಯಾ ಅಜ್ಜಿ?"

"ಹೋಗಿದ್ರ ಇವತ್ತ್ಯಾಕ ಬರ್ತಿದ್ದೆ? ಮೊನ್ನೆ ಅಕೀ ಮಗ ಟ್ರ್ಯಾಕ್ಟರ್ ತಂದಾನ."

ಆಸೆ ಬಿಡಿ, ಅಸೂಯೆ ಬಿಡಿ ಎಂಬ ಪ್ರವಚನಗಳನ್ನು ಎಷ್ಟೋ ಕೇಳಿದ್ದೇನೆ. ಬಿಟ್ಟದ್ದು ಮತ್ತೆ ಹುಟ್ಟುತ್ತದೆ, ಹುಟ್ಟಿದಾಗೆಲ್ಲ ದೇವರ ಹತ್ತಿರ ತರಬೇಕು ಎಂದು ಯಾರೂ ಹೇಳಿರಲಿಲ್ಲ. ಜೊತೆಯಲ್ಲಿ ಓದಿದ ಗೆಳತಿ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಮೇಲೆ ನಾನು ಅವಳ ಫೋನಿಗೆ ಉತ್ತರಿಸುವುದನ್ನೇ ಕಡಿಮೆ ಮಾಡಿದ್ದೆ. ಅಜ್ಜಿಗೆ ಅದನ್ನು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರೇ ಹೊರತು ಬುದ್ಧಿ ಹೇಳಲಿಲ್ಲ.

ಬಾಗಿಲು ತೆರೆಯಿತು. "ಹೊಸಾ ಟ್ರ್ಯಾಕ್ಟರಿಗೂ ಏನೂ ಆಗಬಾರದಂತ ಬೇಡಿಕೋರಿ," ಎಂದು ಅಜ್ಜಿ ಪೂಜಾರಿಗೆ ಹೇಳಿ ನೆಗೆಣ್ಣಿಯ ಕಾಯಿ ಕೊಟ್ಟರು. ನಾನು ಗೆಳತಿಯ ಹೆಸರು ಹೇಳಿ ಅರ್ಚನೆ ಮಾಡಿಸಿದೆ. ಅವಳ ನಕ್ಷತ್ರ ನನಗೆ ಗೊತ್ತಿರಲಿಲ್ಲ. ಹೆಸರು ಸಾಕು ಎಂದರು ಪೂಜಾರಿ.