ಮೇರಿ ಜೋನ್ಸ್ ಹುಟ್ಟಿದ ಹಳ್ಳಿಗೆ ಹೋಗುವವರಿಗೆ ಒಂದಿಷ್ಟು ಮಾತು

ವೇಲ್ಸ್ ಅಂದ ಕೂಡಲೇ ನಮ್ಮವರು ಹೊರಡುವುದು ಸ್ನೋಡನ್ ಬೆಟ್ಟಕ್ಕೆ, ಇಲ್ಲವೇ ಕಾನ್ವಿ ಕೋಟೆಗೆ. ಎರಡು ಕಡೆಯೂ ಜಾತ್ರೆಯಷ್ಟು ಜನ. ನನಗೆ ಗದ್ದಲ ಆಗಿಬರುವುದಿಲ್ಲ, ಮಳೆಯಲ್ಲಿ ನೆನೆಯುವುದಕ್ಕೆ ತಕರಾರಿಲ್ಲ. ನಿಮ್ಮದೂ ಇದೇ ಸ್ವಭಾವವಾದರೆ ಕಾಡರ್ ಇಡ್ರಿಸ್ ಬೆಟ್ಟದ ಬುಡದಲ್ಲಿರುವ ಲಾನ್‌ವಿಹಾಂಗೆಲ್ ಅ ಪೆನ್ನಂಟ್‌ಗೆ ಹೋಗಿ. ತನ್ನ ಭಾಷೆಯ ಬೈಬಲ್ ಕೊಳ್ಳಲು ಬರಿಗಾಲಲ್ಲಿ ನಡೆದು ಹೆಸರಾದ ಮೇರಿ ಜೋನ್ಸ್ ಎಂಬ ಹುಡುಗಿ ಹುಟ್ಟಿದ ಹಳ್ಳಿ ಇದು. ಒಂದು ಚರ್ಚು, ಬೆರಳೆಣಿಕೆಯ ಮನೆಗಳು, ಕಲ್ಲುಗೋಡೆ, ಕುರಿ. ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಬಸ್ಸೂ ಬರುವುದಿಲ್ಲ.

ಮೊದಲೇ ಒಂದು ಎಚ್ಚರಿಕೆ. ಗ್ವಿನೆತ್ ಸೀಮೆಯಲ್ಲೇ, ಪೋರ್ತ್‌ಮಡಾಗ್ ಕಡೆ, ಇದೇ ಹೆಸರಿನ ಇನ್ನೊಂದು ಹಳ್ಳಿ ಇದೆ. ಮ್ಯಾಪಿನಲ್ಲಿ ಬರೀ ಊರಿನ ಹೆಸರು ಹಾಕಿದರೆ ಅದು ನಿಮ್ಮನ್ನು ಅಲ್ಲಿಗೂ ಕರೆದೊಯ್ದೀತು. ‘ಕಾಸ್ಟೆಲ್ ಅ ಬೇರೆ’ ಎಂದು ಹಳ್ಳಿಯ ಪಕ್ಕದಲ್ಲಿರುವ ಕೋಟೆಯ ಹೆಸರನ್ನೇ ಹಾಕಿ.

ಬರ್ಮಿಂಗ್‌ಹ್ಯಾಮ್ ಕಡೆಯಿಂದ ಬರುವವರು ಟವಿನ್ ಎಂಬ ಕಡಲೂರಿನಲ್ಲಿ ಇಳಿಯಬೇಕು. ದಾರಿಯಲ್ಲಿ ಮಖನ್‌ಲೆತ್ ಸ್ಟೇಷನ್ನಿನಲ್ಲಿ ರೈಲು ಎರಡಾಗುತ್ತದೆ. ಒಂದು ಭಾಗ ಆಬರಿಸ್ಟ್ವಿತ್‌ಗೆ, ಇನ್ನೊಂದು ಕಡಲಂಚು ಹಿಡಿದು ಉತ್ತರಕ್ಕೆ. ಯಾವ ಬೋಗಿ ಎತ್ತ ಹೋಗುತ್ತದೆ ಅಂತ ಹತ್ತುವಾಗಲೇ ಗಾರ್ಡನ್ನು ಕೇಳಿಕೊಳ್ಳಿ.

ಇನ್ನು ರೂಮಿನ ಕಥೆ. ನಾನು, ಅಕ್ಕ ಇಬ್ಬರೂ ಕಡಲ ಹತ್ತಿರ ಒಂದು ಮನೆಯಲ್ಲಿ ರೂಮು ಹಿಡಿದಿದ್ದೆವು. ರಾತ್ರಿಗೆ 135 ಪೌಂಡ್, ‘ತಿಂಡಿ ಸೇರಿ’, ‘ಸಮುದ್ರ ಕಾಣುವ ಕಿಟಕಿ’. ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದ ಮನೆಯ ಗೋಡೆ. ಹಾಸಿಗೆಗೆಲ್ಲ ತೇವದ ವಾಸನೆ. ಬೆಳಿಗ್ಗೆ ಟ್ರೇಯಲ್ಲಿ ಪ್ಲಾಸ್ಟಿಕ್ ಸುತ್ತಿದ ಎರಡು ಬನ್ನು, ಅಂಗೈಯಗಲದ ಬೆಣ್ಣೆಯೂ ಇಲ್ಲ. ಹೊರಡುವಾಗ, ಆ ಬನ್ನಿಗೆ ತಲೆಗೆ 10 ಪೌಂಡ್ ಬೇರೆ ಕೊಡಿ ಎಂದರು. ಅಕ್ಕ ಫೋನಿನಲ್ಲಿದ್ದ ಬುಕಿಂಗ್ ತೋರಿಸಿ, "ತಿಂಡಿ ಸೇರಿದೆ ಅಂತ ನೀವೇ ಬರೆದಿದ್ದೀರಲ್ಲ?" ಎಂದು ಕೇಳಿದಳು. "ಅದು ಹಳೆಯ ಪುಟ" ಎಂಬ ಉತ್ತರ ಬಂತು. ಕೊನೆಗೂ ಹಣ ಕೊಟ್ಟೇ ಹೊರಬರಬೇಕಾಯಿತು. ಕಡಲಂಚಿನ ಆಸೆ ಬಿಡಿ. ಒಳನಾಡಿನ ಅಬರ್‌ಗುನೋಲ್ವಿನ್ ಸುತ್ತ ಎಲ್ಲಾದರೂ ಜಾಗ ಹುಡುಕಿ, ದುಡ್ಡು ಕಟ್ಟುವ ಮೊದಲೇ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ.

ಅಬರ್‌ಗುನೋಲ್ವಿನ್ ಸ್ಲೇಟು ಗಣಿಯ ಕೆಲಸಗಾರರಿಗಾಗಿ ಬೆಳೆದ ಹಳ್ಳಿ. ಟವಿನ್‌ನಿಂದ ಅಲ್ಲಿಗೆ ಬಸ್ಸಿದೆ, ಆದರೆ ಕಡಿಮೆ. ವಾಪಸು ಬರುವ ಬಸ್ಸಿನ ಹೊತ್ತು ನೋಡಿಕೊಳ್ಳದೆ ಹೊರಡಬೇಡಿ. ಇಲ್ಲವಾದರೆ ತಾಲಿಥ್ಲಿನ್ ಪುಟಾಣಿ ರೈಲು. 1860ರ ದಶಕದಲ್ಲಿ ಸ್ಲೇಟು ಸಾಗಿಸಲು ಹಾಕಿದ ಹಳಿ ಅದು. ಗಣಿ ಮುಚ್ಚಿದ ಮೇಲೆ 1951ರಿಂದ ಸ್ವಯಂಸೇವಕರೇ ಓಡಿಸುತ್ತಿದ್ದಾರೆ. ಹೀಗೆ ಸ್ವಯಂಸೇವಕರು ಉಳಿಸಿಕೊಂಡ ರೈಲುಗಳಲ್ಲಿ ಜಗತ್ತಿಗೇ ಮೊದಲನೆಯದು. ಟಿಕೆಟ್ಟು ದುಬಾರಿ, ಆದರೂ ಒಂದು ಸಲಕ್ಕೆ ಕೊಡಬಹುದು.

ಅಬರ್‌ಗುನೋಲ್ವಿನ್‌ನಿಂದ ಮುಂದೆ ನಡಿಗೆ, ಹೆಚ್ಚೆಂದರೆ ಒಂದು ಗಂಟೆ. ಕಿರಿದಾದ ಡಾಂಬರು ರಸ್ತೆ, ಎರಡೂ ಕಡೆ ಪಾಚಿ ಹಿಡಿದ ಗೋಡೆ. ಕಣಿವೆಯ ಕೆಳಗಡೆ ಪಶ್ಚಿಮಕ್ಕೆ ಕ್ರೈಗ್ ಅರ್ ಅಡೆರಿನ್ ಎಂಬ ಕಡಿದಾದ ಬಂಡೆ ಇದೆ. ಸಮುದ್ರ ಅಲ್ಲಿಂದ ಮೈಲುಗಟ್ಟಲೆ ದೂರ ಸರಿದಿದ್ದರೂ ನೀರುಕಾಗೆಗಳು ಇಂದಿಗೂ ಅದರ ಮೇಲೆಯೇ ಗೂಡು ಕಟ್ಟುತ್ತವೆ.

ಹಳ್ಳಿ ಮುಟ್ಟುವ ಮುನ್ನ ಎಡಗಡೆ ಬಂಡೆಯ ದಿಣ್ಣೆ ಮೇಲೆ ಕಾಸ್ಟೆಲ್ ಅ ಬೇರೆ. ಟಿಕೆಟ್ಟಿಲ್ಲ, ಕಾವಲಿಲ್ಲ. ಕಾನ್ವಿಯನ್ನು ಕಟ್ಟಿಸಿದ್ದು ವೇಲ್ಸನ್ನು ಗೆದ್ದ ಇಂಗ್ಲೆಂಡಿನ ರಾಜ ಒಂದನೆಯ ಎಡ್ವರ್ಡ್. ಇದು ವೇಲ್ಸಿನವರದೇ ಕೋಟೆ. 1221ರಲ್ಲಿ ಮಹಾ ಲುವೆಲಿನ್ ಎಂದು ಹೆಸರಾದ ದೊರೆ ಕಟ್ಟಲು ತೊಡಗಿದ. ಬಂಡೆ ಹೇಗೆ ಬಾಗಿದೆಯೋ ಹಾಗೇ ಗೋಡೆಯೂ ಬಾಗಿದೆ. ಗೋಪುರಗಳ ಹೊರಮೈ ದುಂಡು, ಒಳಮೈ ಚಪ್ಪಟೆ. ವೇಲ್ಸಿನವರು ಇಷ್ಟಪಟ್ಟು ಕಟ್ಟುತ್ತಿದ್ದ ರೀತಿಯೇ ಅದು. ಲುವೆಲಿನ್‌ನ ಮೊಮ್ಮಗ ದಾವಿದ್‌ನ ಕಡೆಯವರು ಎಡ್ವರ್ಡನ ಸೇನೆಗೆ ಎದುರು ನಿಂತ ಕೊನೆಯ ಕೋಟೆಗಳಲ್ಲಿ ಇದೂ ಒಂದು. 1283ರ ಏಪ್ರಿಲ್‌ನಲ್ಲಿ ಕೋಟೆ ಕೈಬಿಟ್ಟಿತು. ತಪ್ಪಿಸಿಕೊಂಡ ದಾವಿದ್ ಕೆಲವೇ ತಿಂಗಳಲ್ಲಿ ಸಿಕ್ಕಿಬಿದ್ದ, ಶ್ರೂಸ್‌ಬರಿಯಲ್ಲಿ ಅವನನ್ನು ಕ್ರೂರವಾಗಿ ಕೊಂದರು. ವೇಲ್ಸಿನವರು 1294ರಲ್ಲಿ ಎದ್ದ ದಂಗೆಯ ನಂತರ ಇಲ್ಲಿ ಯಾರೂ ನೆಲೆಸಲಿಲ್ಲ. ನಾವು ಬಾವಿಯ ಪಕ್ಕ ತುಂಬ ಹೊತ್ತು ಕೂತಿದ್ದೆವು. ಮೂರನೆಯ ಮನುಷ್ಯ ಬರಲಿಲ್ಲ. ಕಲ್ಲು ಜಾರುತ್ತದೆ, ಕಂಬಿಗಳನ್ನು ನಂಬಬೇಡಿ, ಹಿಡಿತವಿರುವ ಬೂಟು ಹಾಕಿ.

ಚರ್ಚು ಸಂತ ಮೈಕೇಲನದು. ಅದರೊಳಗೆ ಇಡೀ ಕಣಿವೆಯನ್ನು ಬಟ್ಟೆಯಲ್ಲಿ ಉಬ್ಬುತಗ್ಗಾಗಿ ಹೊಲಿದು ಮಾಡಿದ ನಕ್ಷೆ ಇದೆ, ತಪ್ಪದೆ ನೋಡಿ. ತುಂಡು ತುಂಡು ಹಸಿರು ಬಟ್ಟೆಗಳೇ ಹೊಲಗಳು. ಅಕ್ಕ ಹೊಲಿಗೆ ಬಲ್ಲವಳು, ಅದರ ಮುಂದಿನಿಂದ ಏಳಲೇ ಇಲ್ಲ. ನೀವು ನಡೆದು ಬಂದ ದಾರಿ ಅಲ್ಲಿ ಬೆರಳಿಟ್ಟು ತೋರಿಸುವ ಹಾಗಿದೆ.

ಚರ್ಚು ದಾಟಿ ಸ್ವಲ್ಪ ಮುಂದೆ ಮುರಿದ ಗುಡಿಸಲಿನ ನಾಲ್ಕು ಗೋಡೆ, ನಡುವೆ ಒಂದು ಸ್ಮಾರಕ ಕಂಬ. ನೇಕಾರನ ಮಗಳು ಮೇರಿ ಜೋನ್ಸ್ ಬೆಳೆದ ಮನೆ ಅದು. ಹುಟ್ಟಿದ್ದು 1784ರಲ್ಲಿ. ವೆಲ್ಷ್ ಭಾಷೆಗೆ ಬೈಬಲ್ ಬಂದದ್ದು 1588ರಲ್ಲೇ. ಆದರೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಆರು ವರ್ಷ ಕಾಸು ಕೂಡಿಟ್ಟ ಈ ಹುಡುಗಿ 1800ರಲ್ಲಿ ಬರಿಗಾಲಲ್ಲಿ ಸುಮಾರು 26 ಮೈಲು ನಡೆದು, ಬಾಲಾ ಪಟ್ಟಣದ ಥಾಮಸ್ ಚಾರ್ಲ್ಸ್ ಎಂಬ ಪಾದ್ರಿಯಿಂದ ತನ್ನ ಭಾಷೆಯ ಬೈಬಲ್ ಕೊಂಡು ತಂದಳು. 1804ರಲ್ಲಿ ಲಂಡನ್ನಿನಲ್ಲಿ, ಬೈಬಲನ್ನು ಜನರ ಕೈಗೆ ಮುಟ್ಟಿಸಲೆಂದು, ಬೈಬಲ್ ಸೊಸೈಟಿ ಹುಟ್ಟಿದಾಗ ಅದರ ಹಿಂದಿದ್ದವರಲ್ಲಿ ಚಾರ್ಲ್ಸ್ ಒಬ್ಬರು. ಮೇರಿಯ ನಡಿಗೆಯೇ ಅದಕ್ಕೆ ಪ್ರೇರಣೆ ಎಂದು ಅಲ್ಲಿಯವರು ಹೇಳುತ್ತಾರೆ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬೈಬಲನ್ನು ಕನ್ನಡಕ್ಕೆ ತಂದದ್ದೂ ಅದೇ ಶತಮಾನದ ಮೊದಲ ದಶಕಗಳಲ್ಲಿ. ನನಗೆ ಧರ್ಮಕ್ಕಿಂತ ಮುಖ್ಯವಾಗಿ ಕಂಡದ್ದು ಓದು. ಕೋಟೆಯನ್ನು ಕಳೆದುಕೊಂಡ ಜನ ತಮ್ಮ ನುಡಿಯನ್ನು ಉಳಿಸಿಕೊಂಡದ್ದು ಭಾನುವಾರದ ಶಾಲೆಗಳಲ್ಲಿ ಅದನ್ನು ಓದಲು ಕಲಿತು.

ಆ ನುಡಿ ಬದುಕಿರುವುದನ್ನು ಕೇಳಬೇಕಾದರೆ ಅಬರ್‌ಗುನೋಲ್ವಿನ್‌ನ ಪುಟ್ಟ ಕೆಫೆಗೆ ಹೋಗಿ. ನಾಲ್ಕೈದು ಮೇಜು, ಒದ್ದೆ ಕೋಟು ನೇತುಹಾಕಲು ಗೋಡೆ ತುಂಬ ಮೊಳೆ. ನಾವು ಸಸ್ಯಾಹಾರಿಗಳೆಂದದ್ದಕ್ಕೆ ಮುಖ ಗಂಟಿಕ್ಕದೆ ಲೀಕ್ ಸೊಪ್ಪು, ಆಲೂಗಡ್ಡೆಯ ಸೂಪು ಕೊಟ್ಟರು. ಚಮಚ ನಿಲ್ಲುವಷ್ಟು ಗಟ್ಟಿ, ಮೇಲೆ ಕಾಳುಮೆಣಸು, ಪಕ್ಕದಲ್ಲಿ ದಪ್ಪ ಬ್ರೆಡ್ಡು, ಉಪ್ಪು ಬೆಣ್ಣೆ. 5 ಪೌಂಡ್ ಚಿಲ್ಲರೆ. ಕೇಳದೆಯೇ ಇನ್ನೊಂದು ಸೌಟು ಹಾಕಿದರು. ಆಮೇಲೆ ಬಾರಾ ಬ್ರಿತ್, ಒಣದ್ರಾಕ್ಷಿಯನ್ನು ಚಹಾದಲ್ಲಿ ನೆನೆಸಿ ಮಾಡುವ ಬ್ರೆಡ್ಡು. ಬೆಣ್ಣೆ ಹಚ್ಚಿಯೇ ತಿನ್ನಿ. ಪಕ್ಕದ ಮೇಜಿನಲ್ಲಿ ಅಜ್ಜಿಯೊಬ್ಬರು ಶಾಲೆಯಿಂದ ಬಂದ ಮೊಮ್ಮಗನನ್ನು ವೆಲ್ಷ್‌ನಲ್ಲೇ ಗದರುತ್ತಿದ್ದರು, ಅವನೂ ವೆಲ್ಷ್‌ನಲ್ಲೇ ಎದುರುತ್ತರ ಕೊಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೇ ಹೋಗಿ, ಬೇಗ ಮುಚ್ಚುತ್ತಾರೆ. ನಗದು ಇಟ್ಟುಕೊಳ್ಳಿ.

ಕಾರು ಇದ್ದವರು ಬಾಲಾ ಹತ್ತಿರದ ಲಾನಿಕಿಲ್‌ಗೂ ಹೋಗಿ. ಥಾಮಸ್ ಚಾರ್ಲ್ಸರ ಸಮಾಧಿ ಅಲ್ಲಿನ ಚರ್ಚಿನ ಅಂಗಳದಲ್ಲಿದೆ, ಚರ್ಚಿನೊಳಗೇ ಮೇರಿ ಜೋನ್ಸ್ ಪ್ರದರ್ಶನವಿದೆ. ಮಕ್ಕಳಿದ್ದರೆ ಅದನ್ನು ಮೊದಲು ತೋರಿಸಿ, ಹಳ್ಳಿಯನ್ನು ಆಮೇಲೆ. ಬರೀ ಮುರಿದ ಗೋಡೆ ನೋಡಿದರೆ ಅವರಿಗೆ ಬೇಸರವಾಗುತ್ತದೆ.