ಕ್ರಿಯಾಟಿನಿನ್ 0.9, ಯೂರಿನ್ ಶುಗರ್ ಪ್ಲಸ್ ಪ್ಲಸ್

ಚಿಕ್ಕಬಳ್ಳಾಪುರ ಕಡೆ ಕ್ಯಾಂಪ್ ಅಂದ್ರೆ ನಮ್ಮ ಲ್ಯಾಬಲ್ಲಿ ಯಾರೂ ಕೈ ಎತ್ತಲ್ಲ. ಬೆಳಗ್ಗೆ ಆರಕ್ಕೇ ವ್ಯಾನು, ಅಲ್ಲಿ ಸೆಂಟ್ರಿಫ್ಯೂಜಿಗೆ ಕರೆಂಟ್ ಇರುತ್ತೋ ಇಲ್ವೋ ಗ್ಯಾರಂಟಿ ಇಲ್ಲ, ಊಟದ ಹೊತ್ತಿಗೆ ಟಾರ್ಗೆಟ್ ಮುಗೀಬೇಕು. ಮಾರ್ಕೆಟಿಂಗ್‌ನವರು 'ಕಿಡ್ನಿ ಪ್ಯಾಕೇಜ್' ಅಂತ ಬ್ಯಾನರ್ ಮಾಡಿಸಿದ್ರು. ಒಳಗಿದ್ದದ್ದು ಯೂರಿಯಾ, ಕ್ರಿಯಾಟಿನಿನ್ (ಕಿಡ್ನಿ ಫಿಲ್ಟರ್ ಹೇಗಿದೆ ಅಂತ ಹೇಳೋ ರಕ್ತ ಪರೀಕ್ಷೆ), ಯೂರಿಕ್ ಆಸಿಡ್, ಒಂದು ಯೂರಿನ್ ಸ್ಟ್ರಿಪ್, ಅಷ್ಟೇ.

ಊರವರು ಬಂದಿದ್ದು ಮಾತ್ರ ಬೇರೆ ಭಯಕ್ಕೆ. ಐಐಎಸ್ಸಿಯವರು ಪೂರ್ವ ಕರ್ನಾಟಕದ 73 ಹಳ್ಳಿ ನೀರು ನೋಡಿ 57ರಲ್ಲಿ ಯುರೇನಿಯಂ 30 ಪಿಪಿಬಿ (ಲೀಟರಿಗೆ 30 ಮೈಕ್ರೋಗ್ರಾಂ) ದಾಟಿದೆ ಅಂದಿದ್ರಲ್ಲ, ಅದು ಪೇಪರಲ್ಲಿ ಬಂದಿತ್ತು. ನಮ್ಮ ಕಡೆ ಬೋರು ಸಾವಿರ ಅಡಿ ದಾಟಿ ಎಷ್ಟೋ ಕಾಲ ಆಯ್ತು, ಕೆಳಗೆಲ್ಲಾ ಗ್ರಾನೈಟು, ಕಲ್ಲಲ್ಲಿರೋದು ನೀರಿಗೆ ಬರ್ದೆ ಎಲ್ಲಿಗೆ ಹೋಗುತ್ತೆ.

ಸುಮಾರು ಹನ್ನೊಂದು ಗಂಟೆ. ಐವತ್ತರ ಆಸುಪಾಸಿನ ಒಬ್ರು ರೈತರು, ಸ್ಟ್ರಿಪ್ಪಲ್ಲಿ ಗ್ಲೂಕೋಸ್ ಪ್ಲಸ್ ಪ್ಲಸ್, ಅಂದ್ರೆ ಮೂತ್ರದಲ್ಲಿ ಚೆನ್ನಾಗೇ ಸಕ್ಕರೆ ಇದೆ. ಗ್ಲುಕೋಮೀಟರ್ ಹಾಕಿದ್ರೆ ರಕ್ತದಲ್ಲಿ 98, ನಾರ್ಮಲ್. ಮನೆಯಿಂದ ಟಾನಿಕ್ ಬಾಟ್ಲಲ್ಲಿ ತಂದಿದ್ರು, ಸಿರಪ್ ಅಂಟಿರುತ್ತೆ ಅಂತ ನಮ್ಮ ಕಂಟೇನರ್ ಕೊಟ್ಟು ಮತ್ತೆ ಕಳಿಸ್ದೆ. ಮತ್ತೆ ಪ್ಲಸ್ ಪ್ಲಸ್. ಸ್ಟ್ರಿಪ್ಪೇ ಹಾಳಾಗಿರಬೇಕು ಅಂತ ನಮ್ಮ ಡ್ರೈವರ್ ಸ್ಯಾಂಪಲ್ ಹಾಕಿದ್ರೆ ಕ್ಲೀನ್ ನಿಲ್. "ಯಜಮಾನ್ರೇ, ಶುಗರ್ ಮಾತ್ರೆ ಏನಾದ್ರೂ ತಗೋತೀರಾ?" ಅಂದೆ, ಡಾಪಾಗ್ಲಿಫ್ಲೋಜಿನ್ ನುಂಗೋರಿಗೆ ಹೀಗೆ ಬರುತ್ತಲ್ಲ. "ಮಂಡಿ ನೋವಿಗೆ ಒಂದೊಂದ್ಸಲ ಬಿಟ್ರೆ ಯಾವ ಮಾತ್ರೇನೂ ಇಲ್ಲ ಸಾರ್" ಅಂದ್ರು. ಹಿಂದೆ ಕ್ಯೂ ಬೇರೆ, ಕೋಆರ್ಡಿನೇಟರ್ ಗಡಿಯಾರ ತೋರಿಸ್ತಿದಾನೆ. 'ಸ್ಯಾಂಪಲ್ ರಿಜೆಕ್ಟೆಡ್' ಅಂತ ಬರೆದು ಮುಂದಿನವರನ್ನ ಕರೆದೆ. ಎರಡು ಸಲ ಒಂದೇ ಉತ್ತರ ಕೊಟ್ಟ ಸ್ಯಾಂಪಲ್ಲನ್ನ ರಿಜೆಕ್ಟ್ ಮಾಡಿದ ಟೆಕ್ನಿಷಿಯನ್ ನಾನು.

ರಿಪೋರ್ಟ್ ಕೊಡೋ ದಿನ ಪಂಚಾಯ್ತಿ ಆಫೀಸ್ ಮುಂದೆ ಜನ. "ಯುರೇನಿಯಂ ನೀರು ಕುಡಿದು ನಮ್ಮ ಕಿಡ್ನಿ ಏನಾಗಿದೆ ಹೇಳಿ" ಅಂದ್ರು. ನಾನು ಧಾರಾಳವಾಗಿ, ಎಲ್ಲರದ್ದೂ ಕ್ರಿಯಾಟಿನಿನ್ ನಾರ್ಮಲ್, ಕಿಡ್ನಿ ಚೆನ್ನಾಗಿದೆ, ತಲೆ ಕೆಡಿಸ್ಕೋಬೇಡಿ ಅಂದ್ಬಿಟ್ಟೆ. ಪಕ್ಕದಲ್ಲೇ ನಿಂತಿದ್ದ ಆಶಾ ಕಾರ್ಯಕರ್ತೆ, "ಅಣ್ಣಾ, ಇವ್ರ ಮೂತ್ರದಲ್ಲಿ ಸಕ್ಕರೆ ಬಂತು ಅಂತ ನೀವೇ ಎರಡು ಸಲ ಮಾಡಿದ್ರಲ್ಲ, ಇದ್ರಲ್ಲಿ ರಿಜೆಕ್ಟ್ ಅಂತಿದೆ?" ಅಂದ್ರು. ಎಲ್ಲರೂ ನನ್ ಮುಖ ನೋಡ್ತಿದಾರೆ. ಕ್ರಿಯಾಟಿನಿನ್ 0.9 ಇದೆಯಮ್ಮಾ ಅಂತ ಅದನ್ನೇ ಮತ್ತೆ ಹೇಳ್ದೆ, ನನಗೇ ಅದು ಉತ್ತರ ಅಲ್ಲ ಅಂತ ಗೊತ್ತಾಗ್ತಿತ್ತು. ಆಮೇಲೆ ಒಬ್ಬ ಹುಡುಗ "ನೀರಿಗೆ ಏನಾಗಿದೆ ಅಂತ ಕೇಳಿದ್ರೆ ರಕ್ತ ಚೆನ್ನಾಗಿದೆ ಅಂತೀರಲ್ಲ ಸಾರ್" ಅಂದ, ಎಲ್ಲರೂ ನಕ್ಕರು, ನಾನೂ ನಗೋ ಥರ ಮಾಡ್ದೆ.

ವ್ಯಾನಲ್ಲಿ ಕೂತು ನೆಫ್ರಾಲಜಿ ಡಾಕ್ಟ್ರಿಗೆ ಫೋನ್ ಮಾಡಿದ್ರೆ ಬೈಗುಳದ ಜೊತೆ ಪಾಠಾನೂ ಸಿಕ್ತು. ಕುಡಿದ ಯುರೇನಿಯಂನಲ್ಲಿ ರಕ್ತಕ್ಕೆ ಹೋಗೋದು ನೂರರಲ್ಲಿ ಒಂದೆರಡು ಭಾಗ ಅಷ್ಟೇ, ಉಳಿದದ್ದು ಮಲದಲ್ಲೇ ಆಚೆ. ರಕ್ತದಲ್ಲಿ ಬೈಕಾರ್ಬೊನೇಟ್ ಜೊತೆ ಸೇರ್ಕೊಂಡು ಕಿಡ್ನಿ ಫಿಲ್ಟರ್ ದಾಟುತ್ತೆ, ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನಲ್ಲಿ (ಫಿಲ್ಟರ್ ಆದ್ಮೇಲೆ ಸಿಗೋ ಸಣ್ಣ ನಾಳ) ಬೈಕಾರ್ಬೊನೇಟನ್ನ ಬಿಟ್ಟು ಅಲ್ಲಿನ ಜೀವಕೋಶಗಳಿಗೇ ಕಚ್ಕೊಳ್ಳುತ್ತೆ. ಹಾಳು ಮಾಡೋದು ವಿಕಿರಣಕ್ಕಿಂತ ಹೆಚ್ಚಾಗಿ ಅದರ ರಾಸಾಯನಿಕ ಗುಣ. ಆ ಜಾಗದ ಕೆಲ್ಸಾನೇ ಗ್ಲೂಕೋಸ್, ಫಾಸ್ಫೇಟ್, ಸಣ್ಣ ಪ್ರೋಟೀನ್‌ಗಳನ್ನ ವಾಪಸ್ ಎಳ್ಕೊಳ್ಳೋದು, ಅದು ಕೆಟ್ರೆ ಎಲ್ಲಾ ಮೂತ್ರದಲ್ಲಿ ಸೋರುತ್ತೆ. ಕ್ರಿಯಾಟಿನಿನ್ ಹೇಳೋದು ಫಿಲ್ಟರ್ ಬಗ್ಗೆ, ಅದೂ ಅರ್ಧಕ್ಕರ್ಧ ಹೋದ್ಮೇಲೆ. ಫಿನ್ಲೆಂಡಲ್ಲಿ ಬೋರ್ ನೀರು ಕುಡಿಯೋ 325 ಜನರನ್ನ ನೋಡಿ 2002ರಲ್ಲಿ ಬರೆದದ್ದೂ ಅದನ್ನೇ, ಮೂತ್ರದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಸೋರಿಕೆಗೂ ಯುರೇನಿಯಂಗೂ ನಂಟು ಕಂಡಿತ್ತು, ಕ್ರಿಯಾಟಿನಿನ್ ಕ್ಲಿಯರೆನ್ಸ್‌ಗೆ ಕಾಣಲಿಲ್ಲ.

ಜೊತೆಗೆ ಇನ್ನೊಂದೂ ಹೇಳಿದ್ರು, ತಕ್ಷಣ ಯುರೇನಿಯಂ ಅಂತ ಹಣೆಪಟ್ಟಿ ಹಚ್ಬೇಡ, ಕೆಲವು ಮಾತ್ರೆ, ನಾಟಿ ಔಷಧಿಲೂ ಹೀಗಾಗುತ್ತೆ, ಹುಟ್ಟಿಂದ ಕೆಲವರಿಗೆ ಹೀಗೇ ಇರುತ್ತೆ ಅಂತ. ಆ ರೈತರನ್ನ ವಾಪಸ್ ಕರೆಸಿ ಫಾಸ್ಟಿಂಗ್ ಮಾಡಿದ್ವಿ, ರಕ್ತದ ಶುಗರ್ ನಾರ್ಮಲ್, ಮೂತ್ರದಲ್ಲಿ ಗ್ಲೂಕೋಸ್ ಮತ್ತೆ. ಅವ್ರ ಬೋರಿನ ನೀರಲ್ಲಿ ಯುರೇನಿಯಂ 60 ಪಿಪಿಬಿ ದಾಟಿತ್ತು. 60 ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಮಿತಿ, ಡಬ್ಲ್ಯುಎಚ್‌ಒದ್ದು 30, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕೂಡ ಈಗ 30ಕ್ಕೇ ಬಂದಿದೆ. ಕಾಸಿದ್ರೆ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ಸದ್ಯ ಆರ್‌ಓ ಕ್ಯಾನ್ ತರ್ತಿದಾರೆ, ಸುಸ್ಥಿತಿಲಿದ್ರೆ ಆರ್‌ಓ ಬಹುಪಾಲು ತೆಗೆಯುತ್ತೆ. ಆದ್ರೆ ಊರಿನ ಘಟಕದಲ್ಲಿ ಮೆಂಬ್ರೇನ್ ಯಾವಾಗ ಬದಲಾಯ್ಸಿದ್ರೋ ಆಪರೇಟರಿಗೂ ನೆನಪಿಲ್ಲ, ಟಿಡಿಎಸ್ ಮೀಟರ್ ಹಿಡಿದು ಓಕೆ ಅಂತಾನೆ, ಕರಗಿರೋ ಒಟ್ಟು ಲವಣ ಅಳೆಯೋ ಆ ಮೀಟರಿಗೆ ಯುರೇನಿಯಂ ಕಾಣಲ್ಲ.

ಈಗ ಪ್ಯಾಕೇಜಲ್ಲಿ ಯೂರಿನ್ ಆಲ್ಫಾ-1 ಮೈಕ್ರೋಗ್ಲೋಬ್ಯುಲಿನ್ (ಟ್ಯೂಬ್ಯೂಲ್ ಕೆಟ್ರೆ ಸೋರೋ ಒಂದು ಸಣ್ಣ ಪ್ರೋಟೀನ್) ಸೇರ್ಸಿ ಅಂತ ಮ್ಯಾನೇಜರ್ ಹಿಂದೆ ಬಿದ್ದಿದೀನಿ. ಪ್ರೋಟೀನಲ್ಲಿ ಸ್ಟ್ರಿಪ್ಪು ಹಿಡಿಯೋದು ಮುಖ್ಯವಾಗಿ ಆಲ್ಬ್ಯುಮಿನ್, ಅಂಥದ್ದೇ ಇನ್ನೊಂದು ಸಣ್ಣ ಪ್ರೋಟೀನ್ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಆದ್ರೆ ಆಸಿಡ್ ಯೂರಿನ್‌ನಲ್ಲಿ ವ್ಯಾನ್ ಲ್ಯಾಬ್ ಸೇರೋಷ್ಟರಲ್ಲೇ ಒಡೆದೋಗುತ್ತೆ. "ಮೆನುನಲ್ಲಿ ಇಲ್ದಿರೋದು ಕೇಳ್ಬೇಡಿ" ಅಂತಾರೆ. ನಿಮ್ಮಲ್ಲಿ ಯಾರಾದ್ರೂ ಇನ್-ಹೌಸ್ ರನ್ ಮಾಡ್ತಿದ್ರೆ ಯಾವ ಕಿಟ್ಟು, ಒಂದು ಟೆಸ್ಟಿಗೆ ಎಷ್ಟು ಬೀಳುತ್ತೆ ಹೇಳಿ, ಅವ್ರ ಟೇಬಲ್ ಮೇಲಿಡಕ್ಕೆ ಒಂದು ಕೊಟೇಶನ್ ಬೇಕಾಗಿದೆ.